ಏಳನೇ ಕ್ರಾಸಿಗೆ ಬಾಯಾರಿಕೆ ಆಗಲ್ಲ

ಇವತ್ತು ಬೆಳಿಗ್ಗೆಯಿಂದ ಮಾಡಿದ ಕೆಲಸ ಇಷ್ಟು. ಹಾಲು ಕಾಯಿಸಿದೆ. ನಿನ್ನೆ ನೆನೆಹಾಕಿದ್ದ ಹುರುಳಿಕಾಳನ್ನು ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಮೊಳಕೆಗೆ ಇಟ್ಟೆ. ಬಚ್ಚಲ ಮೋರಿಗೆ ಬ್ಲೀಚಿಂಗ್ ಪೌಡರ್ ಹಾಕಿದೆ. ಪಕ್ಕದ ಮನೆಯ ಹುಡುಗಿಯ ಸೀರೆಗೆ ಫಾಲ್ಸ್ ಹೊಲಿದು ಮುಗಿಸಿದೆ. ಹಲಸೂರು ಮಾರ್ಕೆಟ್ಟಿಗೆ ಹೋಗಿ ಕೊತ್ತಂಬರಿ ಸೊಪ್ಪು, ನುಗ್ಗೇಕಾಯಿ, ಒಂದು ಕಡ್ಡಿ ಪೊರಕೆ ತಂದೆ. ಪೊರಕೆಯ ಕಟ್ಟು ಸಡಿಲವಾಗಿತ್ತು. ಈಗಿನವರು ಪ್ಲಾಸ್ಟಿಕ್ ದಾರದಲ್ಲಿ ಎರಡು ಸುತ್ತು ಸುತ್ತಿ ಕೊಟ್ಟುಬಿಡುತ್ತಾರೆ. ಅದನ್ನು ಬಿಚ್ಚಿ, ಕಡ್ಡಿಗಳ ಬುಡವನ್ನು ನೆಲಕ್ಕೆ ಕುಟ್ಟಿ ಸಮ ಮಾಡಿ, ಸೈಕಲ್ ಶಾಪಿನವನ ಹತ್ತಿರ ಕೇಳಿ ತಂದ ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ, ಎಳೆದೆಳೆದು ಬಿಗಿದೆ.

ಟ್ಯೂಬಿನ ರಬ್ಬರ್ ವಾಸನೆ ಬೆರಳಿಗೆ ಹತ್ತಿಕೊಂಡಿತು. ಸೋಪು ಹಾಕಿ ತೊಳೆದರೂ ಹೋಗಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ತುತ್ತು ಬಾಯಿಯ ಹತ್ತಿರ ಬಂದಾಗಲೆಲ್ಲ ಅದೇ ವಾಸನೆ. ನನ್ನ ಅತ್ತೆಯ ಕೈ ಹೀಗೇ ವಾಸನೆ ಬರುತ್ತಿತ್ತು. ಹೀಗೆ ಪೊರಕೆ ಬಿಗಿಯುವುದನ್ನು ನನಗೆ ಕಲಿಸಿದವರೂ ಅವರೇ. “ಕಟ್ಟು ಸಡಿಲ ಇದ್ರೆ ಕಡ್ಡಿಗೇನೂ ಆಗಲ್ಲ ಕಣಮ್ಮ, ಗುಡಿಸೋಳ ಸೊಂಟ ಹೋಗ್ತದೆ” ಅನ್ನುತ್ತಿದ್ದರು.

ಅತ್ತೆಯ ಹೆಸರು ನರಸಮ್ಮ. ರಸ್ತೆ ಗುಡಿಸುವ ಕೆಲಸ ಅವರದು. ಗುತ್ತಿಗೆದಾರನ ಕೆಳಗೆ ದಿನದ ಹಾಜರಿ. ಆಗ ನಾವು ಜೋಗುಪಾಳ್ಯದಲ್ಲಿ ಸಿಮೆಂಟ್ ಶೀಟಿನ ಎರಡು ಕೋಣೆಯ ಮನೆಯಲ್ಲಿದ್ದೆವು: ಅತ್ತೆ, ನನ್ನ ಯಜಮಾನರು ಮುನಿರಾಜು, ನಾನು. ಯಜಮಾನರು ಪುಲಿಕೇಶಿನಗರದ ಒಂದು ಬೇಕರಿಯಲ್ಲಿ ಬನ್ನು ಬೇಯಿಸುತ್ತಿದ್ದರು. ನಾನು ಮನೆಯಲ್ಲೇ ಕೂತು ಸೀರೆಗೆ ಫಾಲ್ಸ್, ಬ್ಲೌಸಿಗೆ ಹುಕ್ಕು ಹಾಕುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಹೇಳಹೊರಟಿರುವುದು ಆಗಿನ ಒಂದು ಮಳೆಗಾಲದ ಸಂಗತಿ.

ಮಳೆಗಾಲ ಗುಡಿಸುವವರಿಗೆ ಕೆಟ್ಟ ಕಾಲ. ಬೇಸಿಗೆಯಲ್ಲಿ ಉದುರಿದ ಎಲೆ ಪೊರಕೆ ತಾಗಿದರೆ ಸಾಕು, ತಾನೇ ಓಡುತ್ತದೆ. ಮಳೆಗೆ ನೆಂದ ಎಲೆ ಟಾರಿಗೆ ಅಂಟಿಕೊಂಡು ಕೂತಿರುತ್ತದೆ. ಒಂದೊಂದನ್ನೂ ಕೆರೆದು ಎಬ್ಬಿಸಬೇಕು. ಅತ್ತೆ ಗುಡಿಸುತ್ತಿದ್ದ ರಸ್ತೆ ಇಂದಿರಾನಗರದ ಕಡೆಯ ಏಳನೇ ಕ್ರಾಸ್. ಎರಡೂ ಬದಿಗೆ ದೊಡ್ಡ ಮರಗಳು, ಕಾಂಪೌಂಡಿನ ಮನೆಗಳು. ಆ ರಸ್ತೆಯ ಮೇಲೆ ಅವರಿಗೆ ಅಭಿಮಾನ. “ನನ್ ಕ್ರಾಸಲ್ಲಿ ಅನ್ನ ಬಡಿಸಿದ್ರೂ ಎತ್ಕೊಂಡು ತಿನ್ಬೋದು” ಅನ್ನುತ್ತಿದ್ದರು. ಹಾಗೆ ಅನ್ನುವವರಿಗೆ ಆ ಕ್ರಾಸಿನ ಒಂದು ಮನೆಯವರು ಮಾತ್ರ ಕಾಫಿ ಕೊಡುತ್ತಿದ್ದರು. ಗೇಟಿನ ಪಕ್ಕದ ಸಂದಿಯಲ್ಲಿ ಅವರಿಗೆಂದೇ ಒಂದು ಪ್ಲಾಸ್ಟಿಕ್ ಲೋಟ ಸಿಕ್ಕಿಸಿಟ್ಟಿದ್ದರು. ಅತ್ತೆ ಅದರಲ್ಲಿ ಕಾಫಿ ಹಾಕಿಸಿಕೊಂಡು, ಮನೆಯವರು ಒಳಗೆ ಹೋದ ಮೇಲೆ ದಾಸವಾಳದ ಬುಡಕ್ಕೆ ಸುರಿದು, ಲೋಟ ತೊಳೆದು ಅಲ್ಲೇ ಸಿಕ್ಕಿಸಿ ಬರುತ್ತಿದ್ದರು.

“ಯಾಕತ್ತೆ, ಬೇಡ ಅಂದ್ಬಿಡಬಾರ್ದಾ?” ಎಂದು ಕೇಳಿದ್ದೆ.

“ಬೇಡ ಅಂದ್ರೆ ಕೊಬ್ಬು ಅಂತಾರೆ. ದಾಸವಾಳ ಚೆನ್ನಾಗಿ ಬಿಡ್ತಾ ಇದೆ, ಬಿಡು.”

ಬೆಳಗಾಗುವ ಮೊದಲು ಹೆಂಗಸರೆಲ್ಲ ಒಂದು ಮಳೆಮರದ ಕೆಳಗೆ ಸೇರಬೇಕಿತ್ತು. ಗುತ್ತಿಗೆದಾರನ ಮೇಸ್ತ್ರಿ ಗೋವಿಂದಪ್ಪ ಅಲ್ಲಿ ಬೀದಿದೀಪದಡಿ ನಿಂತು ಹಾಜರಿ ಕೂಗುತ್ತಿದ್ದ. ಹೆಸರು ಹಿಡಿದು ಕೂಗುವ ಪದ್ಧತಿ ಇರಲಿಲ್ಲ. ಯಾರು ಯಾವ ರಸ್ತೆ ಗುಡಿಸುತ್ತಾರೋ ಅದೇ ಅವರ ಕರೆ. “ಆರನೇ ಕ್ರಾಸ್!” ಅಂದರೆ ಒಬ್ಬಳು ಕೈ ಎತ್ತಿ “ಬಂದಿದೀನಿ” ಅನ್ನಬೇಕು. “ಏಳನೇ ಕ್ರಾಸ್!” ಅಂದರೆ ಅತ್ತೆ. “ಎಂಟನೇ ಕ್ರಾಸ್!” ಅಂದರೆ ನಮ್ಮ ಎದುರು ಮನೆಯ ಕನ್ನಿಯಮ್ಮ. ಹೆಂಗಸರು ಬರುತ್ತಾರೆ, ಹೋಗುತ್ತಾರೆ, ರಸ್ತೆ ಅಲ್ಲೇ ಇರುತ್ತದೆ, ಅಷ್ಟೂ ಹೆಸರು ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂಬುದು ಮೇಸ್ತ್ರಿಯ ಲೆಕ್ಕ. ಪುಸ್ತಕದಲ್ಲಿ ಹೆಸರುಗಳಿದ್ದವು. ಅವನ ಬಾಯಲ್ಲಿ ಇರಲಿಲ್ಲ. ಕೂಗಿ ಕೂಗಿ ಅದೇ ಹೆಂಗಸರಿಗೂ ರೂಢಿಯಾಗಿತ್ತು. ನಾನು ಮಾಲೂರಿನ ಕಡೆಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಕನ್ನಿಯಮ್ಮ ಬಾಗಿಲಲ್ಲಿ ನಿಂತು, “ಏಳನೇ ಕ್ರಾಸೂ, ಆರನೇ ಕ್ರಾಸಿಗೆ ಗಂಡು ಮಗು ಆಯ್ತಂತೆ” ಎಂದಳು. ರಸ್ತೆಗೆ ಮಗು ಹುಟ್ಟುವ ಊರು ಇದೆಂಥದ್ದಪ್ಪ ಎಂದು ಗಾಬರಿಯಾಗಿದ್ದೆ.

ಇನ್ನೊಂದು ರೂಢಿ ಇತ್ತು. ಬೆಳಿಗ್ಗೆ ಮನೆ ಬಿಡುವ ಮುಂಚೆ ಅತ್ತೆ ನೀರು ಮುಟ್ಟುತ್ತಿರಲಿಲ್ಲ. ಬಾಯಿ ಮುಕ್ಕಳಿಸಿ ಉಗಿದು, ಹಾಗೇ ಹೊರಡುತ್ತಿದ್ದರು. ನೀರು ಕುಡಿದರೆ ನಡುವೆ ಹೋಗಬೇಕಾಗುತ್ತದೆ. ಹೋಗುವುದೆಲ್ಲಿಗೆ? ಗಂಡಸರು ಗೋಡೆ ನೋಡಿಕೊಳ್ಳುತ್ತಾರೆ. ಇಷ್ಟೊಂದು ಮನೆಗಳ ರಸ್ತೆಯಲ್ಲಿ ಹೆಂಗಸಿಗೆ ಒಂದು ಮರೆ ಇರಲಿಲ್ಲ. ತಿಂಡಿ ಡಬ್ಬಿ ಬಿಚ್ಚಲು ಒಂದು ಜಗಲಿ ಇರಲಿಲ್ಲ. ಅಂಗಡಿ ಮೆಟ್ಟಿಲ ಮೇಲೆ ಕೂತರೆ ಅಂಗಡಿಯವನು ಬಂದು “ಏಳ್ರಮ್ಮ, ಗಿರಾಕಿ ಬರೋ ಹೊತ್ತು” ಅನ್ನುತ್ತಿದ್ದ. ಮಳೆ ಬಂದರೆ ಡಬ್ಬಿ ಮುಚ್ಚಿಕೊಂಡು, ತಳ್ಳುಗಾಡಿಯ ಪಕ್ಕ ಗೋಣಿ ಹೊದ್ದು ನಿಲ್ಲಬೇಕು. ಮಧ್ಯಾಹ್ನ ಮನೆಗೆ ಬಂದ ಅತ್ತೆ ಹೊಸಿಲ ಮೇಲೇ ಕೂತು ಒಂದು ಚೊಂಬು ನೀರನ್ನು ಉಸಿರು ತೆಗೆದುಕೊಳ್ಳದೆ ಕುಡಿಯುತ್ತಿದ್ದರು. ಮಾತೆಲ್ಲ ಆಮೇಲೆ.

ಆ ಮಳೆಗಾಲದಲ್ಲಿ ಕನ್ನಿಯಮ್ಮನಿಗೆ ಉರಿಮೂತ್ರ ಹತ್ತಿ ಜ್ವರ ಬಂತು. ಶಿವಾಜಿನಗರದ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಮಾತ್ರೆ ಬರೆದು, “ನೀರು ಜಾಸ್ತಿ ಕುಡೀಬೇಕಮ್ಮ, ಬೆಳಿಗ್ಗೆಯಿಂದಾನೇ ಕುಡೀಬೇಕು” ಎಂದರು.

“ಕುಡ್ದ್ಬಿಟ್ಟು ಎಲ್ಲಿಗೆ ಸಾರ್ ಹೋಗ್ಲಿ? ನಿಮ್ಮನೆಗಾ?” ಎಂದಳು ಕನ್ನಿಯಮ್ಮ. ಡಾಕ್ಟರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಅವರು ಚೀಟಿ ಕೊಟ್ಟರು.

ಕನ್ನಿಯಮ್ಮ ಏಳುವಷ್ಟರಲ್ಲಿ ಇನ್ನೂ ಮೂರು ನಾಲ್ಕು ಜನಕ್ಕೆ ಅದೇ ಕಾಯಿಲೆ. ಆಗಲೇ ಒಬ್ಬ ವಕೀಲರಮ್ಮ ನಮ್ಮ ಬೀದಿಗೆ ಬರತೊಡಗಿದ್ದು. ಖಾದಿ ಸೀರೆ, ಕತ್ತರಿಸಿದ ಕೂದಲು, ಯಾರ ಮನೆಗೆ ಹೋದರೂ ನೆಲದ ಮೇಲೇ ಕೂರುತ್ತಿದ್ದರು. ಕೊಟ್ಟ ಕಾಫಿಯನ್ನು ಪೂರ್ತಿ ಕುಡಿಯುತ್ತಿದ್ದರು. ಅತ್ತೆ ಅದನ್ನು ಗಮನಿಸಿದ್ದರು. ಹಾಜರಿ ಹಾಕುವ ಒಂದೊಂದು ಜಾಗದಲ್ಲೂ ಒಂದು ಕೋಣೆ, ಒಂದು ನಲ್ಲಿ, ಒಂದು ಕಕ್ಕಸು ಆಗಬೇಕು, ಇದನ್ನು ಕೇಳುವುದಕ್ಕೆ ಟಿನ್ ಫ್ಯಾಕ್ಟರಿ ಕಡೆಯಿಂದ, ಶಿವಾಜಿನಗರದ ಕಡೆಯಿಂದ ಹೆಂಗಸರೆಲ್ಲ ಮೆರವಣಿಗೆಯಲ್ಲಿ ಬಂದು ಹಲಸೂರು ಕೆರೆಯ ಪಕ್ಕದ ಬಯಲಿನಲ್ಲಿ ಸೇರಬೇಕು ಎಂದು ಮಾತಾಯಿತು. ಸಂಘದ ಮುಖಂಡರು ಮಾತಾಡುತ್ತಾರೆ ಸರಿ, ಗುಡಿಸುವವರಲ್ಲೂ ಒಬ್ಬರು ಮಾತಾಡಬೇಕು ಎಂದರು ವಕೀಲರಮ್ಮ.

“ನಮ್ಮ ಏಳನೇ ಕ್ರಾಸ್ ಮಾತಾಡ್ತದೆ,” ಎಂದಳು ಕನ್ನಿಯಮ್ಮ. “ಅದರ ಗಂಟಲಿಗೆ ಮೈಕೂ ಬೇಡ.”

ಅತ್ತೆ ಬೈದರು, ನಕ್ಕರು, ಕೊನೆಗೆ ಒಪ್ಪಿದರು.

ಸುದ್ದಿ ಮೇಸ್ತ್ರಿಗೆ ಮುಟ್ಟಲು ತಡವಾಗಲಿಲ್ಲ. ಮಾರನೇ ಬೆಳಿಗ್ಗೆ ಹಾಜರಿ ಮುಗಿಸಿ ಅವನು ಎಲ್ಲರಿಗೂ ಕೇಳುವಂತೆ ಹೇಳಿದನಂತೆ: “ಮೆರವಣಿಗೆಗೆ ಹೋಗೋರು ಹೋಗಿ, ನಾನ್ ಕೇಳಲ್ಲ. ಮೈಕ್ ಮುಂದೆ ನಿಂತೋಳಿಗೆ ಮಾತ್ರ ಮಾರನೇ ದಿನದಿಂದ ಹಾಜರಿ ಇಲ್ಲ.” ಅದು ಬರಿಯ ಬೆದರಿಕೆಯಲ್ಲ. ಗುತ್ತಿಗೆ ಕೆಲಸಕ್ಕೆ ಆಗ ಕಾಗದಪತ್ರ ಇರಲಿಲ್ಲ. ಬೆಳಿಗ್ಗೆ ಮೇಸ್ತ್ರಿ ಕೂಗಿದರೆ ಕೆಲಸ ಇದೆ, ಕೂಗದಿದ್ದರೆ ಇಲ್ಲ. ಅತ್ತೆಗೆ ಐವತ್ತು ದಾಟಿತ್ತು. ಈ ಹಾಜರಿ ಹೋದರೆ ಇನ್ನೊಬ್ಬ ಗುತ್ತಿಗೆದಾರ ತೆಗೆದುಕೊಳ್ಳುತ್ತಿರಲಿಲ್ಲ.

ಅವತ್ತು ಸಂಜೆ ಯಜಮಾನರು ಬೇಕರಿಯಿಂದ ಬಂದವರೇ ಚಪ್ಪಲಿಯನ್ನೂ ಬಿಡದೆ ಕೇಳಿದರು. “ಅಮ್ಮ, ಇದೆಲ್ಲ ನಿನಗ್ಯಾಕೆ? ಮೆರವಣಿಗೆಗೆ ಹೋಗು. ಹಿಂದೆ ನಿಂತ್ಕೊ. ಮುಂದೆ ಹೋಗ್ಬೇಡ.”

“ಮುಂದೆ ಯಾರು ಹೋಗ್ಬೇಕು?”

“ಯಾರಾದ್ರೂ ಹೋಗ್ಲಿ.”

“ಯಾರಾದ್ರೂ ಅಂದ್ರೆ ಯಾರೋ, ಅವಳ ಹೆಸರು ಹೇಳು.”

ಯಜಮಾನರು ಬನ್ನಿನ ಪೊಟ್ಟಣ ನನ್ನ ಕೈಗೆ ಕೊಟ್ಟು ಕೈಕಾಲು ತೊಳೆಯಲು ಹೋದರು. ಅವರು ಹೇಡಿ ಅಲ್ಲ. ತಾಯಿ ಕೆಲಸವಿಲ್ಲದೆ ಮನೆಯಲ್ಲಿ ಕೂತರೆ ಹೇಗಾಗುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಹಬ್ಬದ ರಜೆಯಲ್ಲೂ ಅತ್ತೆ ನಮ್ಮ ಬೀದಿಯನ್ನು ಒಂದು ಸಲ ಗುಡಿಸಿ ಬರುತ್ತಿದ್ದರು.

ವಕೀಲರಮ್ಮ ಒಂದು ಪುಟದ ಭಾಷಣ ಬರೆದು ಕೊಟ್ಟರು. ಅತ್ತೆಗೆ ಓದು ಬಾರದು. ನಾನು ಎಂಟನೇ ಕ್ಲಾಸಿನವರೆಗೆ ಓದಿದವಳು. ಹಾಗಾಗಿ ದಿನಾ ಸಂಜೆ ನಾನು ಮುದ್ದೆ ತೊಳಸುತ್ತ ಒಂದೊಂದೇ ಸಾಲು ಹೇಳುವುದು, ಅತ್ತೆ ಹೊಸಿಲ ಮೇಲೆ ಪೊರಕೆ ಬಿಗಿಯುತ್ತ ಅದನ್ನು ತಿರುಗಿ ಹೇಳುವುದು. ಹೊರಗೆ ಮಳೆ ಶೀಟಿನ ಮೇಲೆ ಬಡಿಯುತ್ತಿತ್ತು. ಒಬ್ಬರ ಮಾತು ಒಬ್ಬರಿಗೆ ಕೇಳಬೇಕಾದರೆ ಕೂಗಬೇಕು.

“ವೇದಿಕೆಯ ಮೇಲಿರುವ ಗಣ್ಯರೇ!”

“ವೇದಿಕೆ ಮೇಲಿರುವ ಗಣ್ಯರೇ.”

“ಮಾನವನ ಮೂಲಭೂತ ಹಕ್ಕುಗಳಿಂದ ವಂಚಿತರಾದ ನಾವು!”

“ಮಾನವನ...” ಅತ್ತೆ ಟ್ಯೂಬನ್ನು ಹಲ್ಲಲ್ಲಿ ಕಚ್ಚಿ ಎಳೆದು ಗಂಟು ಹಾಕಿದರು. “ಸರೋಜ, ಇದರಲ್ಲಿ ನಲ್ಲಿ ಯಾವಾಗ ಬರ್ತದೆ?”

“ಕೆಳಗಡೆ ಬರ್ತದೆ ಅತ್ತೆ. ಕೊನೇಲಿ.”

“ಕೊನೇಲಿ ಬಂದ್ರೆ ಮಳೆ ಬಂದು ಎಲ್ಲಾ ಎದ್ದು ಹೋಗಿರ್ತಾರೆ. ಮೊದ್ಲೇ ನಲ್ಲಿ ಹೇಳ್ಬಾರ್ದಾ?”

“ಹಂಗೆಲ್ಲ ಮೊದ್ಲೇ ಕೇಳ್ಬಾರ್ದಂತೆ.”

“ಓದಿದೋರು ಬಾಯಾರಿಕೆ ಆದ್ರೂ ಸುತ್ಕೊಂಡು ಹೋಗಿ ನೀರು ಕೇಳ್ತಾರೆ ನೋಡು,” ಎಂದು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು.

ಆಷಾಢ ಮುಗಿದು ಶ್ರಾವಣ ಬರುವ ಹೊತ್ತಿಗೆ ಪೂರ್ತಿ ಬಾಯಿಗೆ ಬಂದಿತ್ತು. ಆದರೆ ರಾತ್ರಿ ಊಟವಾದ ಮೇಲೂ ಅತ್ತೆ ಬಾಗಿಲ ಹತ್ತಿರ ಕೂತೇ ಇರುತ್ತಿದ್ದರು. ನಾವು ಮಲಗಿದ ಮೇಲೆ, ದೀಪ ಆರಿದ ಮೇಲೆ ಮಲಗುತ್ತಿದ್ದರು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಏಳುವವರೂ ಅವರೇ. ಅವರು ಭಾಷಣ ಬಾಯಿಪಾಠ ಮಾಡುತ್ತಿದ್ದಾರೋ, ಏಳನೇ ಕ್ರಾಸಿನ ಚಿಂತೆ ಮಾಡುತ್ತಿದ್ದಾರೋ ನನಗೆ ತಿಳಿಯುತ್ತಿರಲಿಲ್ಲ. ಒಂದು ಸಲ ತಾವಾಗಿಯೇ ಅಂದರು. “ಆ ತುದೀಲಿ ಮೋರಿ ಬಾಯಿ ಇದೆ ನೋಡು. ಎಲೆ ತೆಗೀದೇ ಇದ್ರೆ ನೀರು ಹಿಂದಕ್ಕೆ ಬರ್ತದೆ. ಹೊಸಬಳು ಬಂದ್ರೆ ಅದು ಗೊತ್ತಾಗಲ್ಲ ಅವಳಿಗೆ.”

ಮೆರವಣಿಗೆಯ ದಿನ ಮಳೆ ಬಿಟ್ಟಿತ್ತು. ಅವತ್ತು ಯಾರೂ ಕೆಲಸಕ್ಕೆ ಹೋಗಬೇಡಿ ಎಂದು ವಕೀಲರಮ್ಮ ಹೇಳಿದ್ದರು. ಅತ್ತೆ ಕೇಳಲಿಲ್ಲ. “ಗುಡಿಸಿಯೇ ಬರ್ತೀನಿ. ಕೊಳಕು ರಸ್ತೆ ಬಿಟ್ಟು ಬಂದು ಮಾತಾಡಿದ್ರೆ ನನ್ನ ಮಾತು ಯಾರು ಕೇಳ್ತಾರೆ?” ನಮ್ಮ ಕಡೆಯ ಹೆಂಗಸರೆಲ್ಲ ಹಾಗೇ ಮಾಡಿದರು. ಹಾಜರಿ ಹಾಕಿಸಿ, ಗುಡಿಸಿ, ಪೊರಕೆಯನ್ನೂ ತೊಳೆದು ತಂದರು. ಒದ್ದೆ ಪೊರಕೆಗಳನ್ನು ತಲೆಕೆಳಗು ಹಿಡಿದು, ಕಡ್ಡಿ ಮೇಲೆ ಮಾಡಿ ನಡೆದರು. ನಾನೂ ಹೊಲಿಗೆ ಬಿಟ್ಟು ಜೊತೆಗೆ ಹೋದೆ. ಹಳೇ ಮದ್ರಾಸ್ ರಸ್ತೆಯಲ್ಲಿ ಟಿನ್ ಫ್ಯಾಕ್ಟರಿ ಕಡೆಯ ಹೆಂಗಸರು ಬರುತ್ತಿದ್ದದ್ದು ದೂರದಿಂದ ಕಾಣಿಸಿತು. ನಿಂತ ಬಸ್ಸುಗಳ ಕಿಟಕಿಯಿಂದ ಜನ ನೋಡುತ್ತಿದ್ದರು. ಒಂದಿಬ್ಬರು ಮೂಗಿಗೆ ಕರ್ಚೀಫು ಹಿಡಿದುಕೊಂಡರು. ಅವತ್ತು ನಮ್ಮ ಕೈಯಲ್ಲಿ ಕಸ ಇರಲಿಲ್ಲ. ಪೊರಕೆ ನೋಡಿದೊಡನೆ ಅವರ ಕೈ ತಾನೇ ಮೂಗಿಗೆ ಹೋಗಿತ್ತು.

“ಮುಚ್ಕೊ ಸಾಮಿ, ಮುಚ್ಕೊ,” ಎಂದಳು ಕನ್ನಿಯಮ್ಮ. “ನಾನು ತಲೆಗೆ ಎಣ್ಣೆ ಹಾಕ್ಕೊಂಡು, ಮಲ್ಲಿಗೆ ಮುಡ್ಕೊಂಡು ಬಂದಿದೀನಿ. ವಾಸನೆ ತಡ್ಕೊಳಕ್ಕಾಗಲ್ಲ ನಿನಗೆ.”

ಬಯಲಿನಲ್ಲಿ ನಾಲ್ಕು ಮೇಜು ಜೋಡಿಸಿ ವೇದಿಕೆ ಮಾಡಿದ್ದರು. ಕಂಬಕ್ಕೆ ಬಾಡಿಗೆಯ ಹಾರನ್ ಸ್ಪೀಕರ್ ಕಟ್ಟಿದ್ದರು. ನೆಲ ಇನ್ನೂ ಒದ್ದೆ. ಹೆಂಗಸರು ಗೋಣಿಚೀಲ, ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು ಕೂತರು. ಮುಖಂಡರು ಒಬ್ಬರಾದ ಮೇಲೆ ಒಬ್ಬರು ಮಾತಾಡಿದರು. ಬಿಸಿಲು ಏರಿತು. ಬಯಲಿನ ಅಂಚಿನಲ್ಲಿ, ಹುಣಸೆಮರದ ಕೆಳಗೆ ಮೇಸ್ತ್ರಿ ಗೋವಿಂದಪ್ಪ ಸ್ಕೂಟರಿಗೆ ಒರಗಿ ನಿಂತಿದ್ದ. ಯಾರು ಹತ್ತುತ್ತಾರೆ ಎಂದು ನೋಡಲು ಬಂದಿದ್ದ. ಅತ್ತೆಯೂ ಅವನನ್ನು ನೋಡಿದರು.

ಅತ್ತೆಯನ್ನು ಕರೆದಾಗ ನಾನು ಮೇಜಿನ ಬುಡದಲ್ಲೇ, ಅವರಿಗೆ ಕಾಣುವ ಹಾಗೆ ನಿಂತೆ. ಮರೆತರೆ ಮೊದಲ ಶಬ್ದ ಹೇಳಿಕೊಡುವುದು ನನ್ನ ಕೆಲಸ. ಮೈಕು ಹಿಡಿದಿದ್ದ ಕಾರ್ಯಕರ್ತ ಅದನ್ನು ಅವರ ಬಾಯಿಗೆ ಹಿಡಿದು, “ಮೊದಲು ನಿಮ್ಮ ಹೆಸರು ಹೇಳಿ ಅಮ್ಮ” ಎಂದ.

ಅತ್ತೆ ಕೈ ಎತ್ತಿ, ಬೆಳಗಿನ ಹಾಜರಿಯ ಅದೇ ಗಂಟಲಿನಲ್ಲಿ ಕೂಗಿದರು: “ಏಳನೇ ಕ್ರಾಸ್! ಬಂದಿದೀನಿ!”

ಹಾರನ್ ಅದನ್ನು ಕೆರೆಯ ತನಕ ಎರಚಿತು. ಬಯಲಿನ ತುಂಬ ನಗು. ನನಗೂ ನಗು ಬಂತು. ಮುಖಂಡರೂ ನಕ್ಕರು. ಹುಣಸೆಮರದ ಕೆಳಗೆ ಮೇಸ್ತ್ರಿ ತೊಡೆ ತಟ್ಟಿಕೊಂಡು ನಗುತ್ತಿದ್ದ. ಅತ್ತೆ ಮಾತ್ರ ನಗಲಿಲ್ಲ. ಎತ್ತಿದ ಕೈಯನ್ನು ಇಳಿಸದೆ, ಅದು ಯಾರದೋ ಕೈ ಅನ್ನುವ ಹಾಗೆ ಅದನ್ನೇ ನೋಡಿದರು. ನಾನು ಕೆಳಗಿನಿಂದ “ವೇದಿಕೆಯ ಮೇಲಿರುವ” ಎಂದೆ. ಅವರು ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದರು. ನಗು ಇಳಿಯುವವರೆಗೆ ಕಾದರು.

“ನಗ್ರಿ, ಪರ್ವಾಗಿಲ್ಲ,” ಎಂದರು. “ನೀವು ಇಲ್ಲಿ ನಿಂತಿದ್ರೂ ಅದನ್ನೇ ಹೇಳ್ತಿದ್ರಿ. ಕನ್ನಿಯಮ್ಮ, ಎದ್ದು ನಿಂತ್ಕೊಳೆ. ನಿನ್ನನ್ನ ಏನಂತ ಕೂಗ್ತಾರೆ?”

“ಎಂಟನೇ ಕ್ರಾಸ್!”

“ಅಲ್ಲಿ ಹಸಿರು ಸೀರೆ, ನೀನು ಯಾವ ಕಡೆಯವಳಮ್ಮ? ನಿನ್ನ?”

“ಗಾಣದ ಬೀದಿ!” ಎಂದಳು ಟಿನ್ ಫ್ಯಾಕ್ಟರಿ ಕಡೆಯ ಒಬ್ಬ ಹೆಂಗಸು. ಅಷ್ಟರಲ್ಲಿ ಕೇಳದೇ ಇದ್ದವರೂ ಕೂಗತೊಡಗಿದರು. ಸ್ಟೇಷನ್ ರೋಡ್, ಮಾರ್ಕೆಟ್ ಮೂಲೆ, ಮಸೀದಿ ಹಿಂದೆ, ಎರಡನೇ ಮೇನ್. ಕೆಲವರು ನಗುತ್ತ ಶುರು ಮಾಡಿ ನಡುವೆ ನಿಲ್ಲಿಸಿದರು. ಎಲ್ಲ ಕಡೆಯ ಮೇಸ್ತ್ರಿಗಳೂ ಹೀಗೇ ಕೂಗುತ್ತಾರೆ ಎಂಬುದು ಒಬ್ಬರಿಗೊಬ್ಬರಿಗೆ ಗೊತ್ತಾದದ್ದು ಆಗಲೇ.

“ನಮ್ಮಪ್ಪ ಕೋಳಿ ಕುಯ್ದು, ಊರಿಗೆ ಊಟ ಹಾಕಿ ನನಗೆ ಹೆಸರಿಟ್ಟ,” ಎಂದರು ಅತ್ತೆ. “ನರಸಮ್ಮ. ಆ ಹೆಸರು ದಿನಾ ಮನೇಲಿ ಬಿಟ್ಟು ಬರ್ತೀನಿ. ಇವತ್ತು ಇಲ್ಲಿ ಕೇಳಿದ್ರೆ ನನಗೇ ಬಾಯಿಗೆ ಬರ್ಲಿಲ್ಲ, ನೋಡಿದ್ರಲ್ಲ. ನಾನು ಆಫೀಸರ್‌ಗಳನ್ನ ಬೈಯಲ್ಲ. ಅವರಿಗೆ ಗೊತ್ತಿಲ್ಲ ಪಾಪ. ಅವರ ಲೆಕ್ಕದಲ್ಲಿ ಗುಡಿಸೋದು ಏಳನೇ ಕ್ರಾಸು. ಏಳನೇ ಕ್ರಾಸಿಗೆ ಬಾಯಾರಿಕೆ ಆಗಲ್ಲ. ಏಳನೇ ಕ್ರಾಸಿಗೆ ಒಂದಕ್ಕೆ ಬರಲ್ಲ. ಅದು ಮಳೇಲಿ ನೆಂದ್ರೂ ಅದಕ್ಕೆ ಚಳಿ ಆಗಲ್ಲ. ಅದಕ್ಕೆ ಯಾಕೆ ನಲ್ಲಿ, ಅದಕ್ಕೆ ಯಾಕೆ ಕೋಣೆ? ನರಸಮ್ಮಂಗೆ ಆಗ್ತದೆ. ಕನ್ನಿಯಮ್ಮಂಗೆ ಆಗಿ, ಹದಿನೈದು ದಿನ ಮಲಗಿದ್ಲು. ಬೆಳಗಿನ ಜಾವದಿಂದ ಒಂದು ತೊಟ್ಟು ನೀರು ಕುಡೀದೆ ನಿಮ್ಮ ರಸ್ತೆ ಗುಡಿಸ್ತೀವಿ. ಕುಡೀಬೇಕು ಅಂತಿದೀವಿ. ಅಷ್ಟೇ.”

ಈಗ ಯಾರೂ ನಗುತ್ತಿರಲಿಲ್ಲ. ಅತ್ತೆ ಹುಣಸೆಮರದ ಕಡೆ ತಿರುಗಿದರು.

“ಮೇಸ್ತ್ರಿ ಗೋವಿಂದಪ್ಪ ಬಂದಿದ್ದಾನೆ. ನೋಡ್ರಿ, ಅವನನ್ನ ನಾನು ಹೆಸರು ಹಿಡಿದು ಕೂಗ್ತೀನಿ. ಮೇಸ್ತ್ರಿ, ನಾಳೆ ಬೆಳಿಗ್ಗೆ ನನ್ನ ಹೆಸರು ಕರೆದ್ರೆ ನಾನು ಬರ್ತೀನಿ. ಏಳನೇ ಕ್ರಾಸನ್ನ ಕರೆದ್ರೆ, ಅದೇ ಎದ್ದು ಬರ್ಲಿ. ತನ್ನನ್ನ ತಾನೇ ಗುಡಿಸ್ಕೊಳ್ಳಿ.”

ಅಷ್ಟೇ ಹೇಳಿ ಮೇಜಿನಿಂದ ಇಳಿಯಲು ನನ್ನ ಹೆಗಲು ಹಿಡಿದರು. ಬಯಲಿನಲ್ಲಿ ಹೆಂಗಸರು ಚಪ್ಪಾಳೆ ತಟ್ಟಲಿಲ್ಲ, ಪೊರಕೆಯ ಬುಡಗಳನ್ನು ನೆಲಕ್ಕೆ ಕುಟ್ಟಿದರು. ಕಡ್ಡಿ ಸಮ ಮಾಡುವಾಗ ಕುಟ್ಟುತ್ತಾರಲ್ಲ, ಹಾಗೆ. ಒದ್ದೆ ನೆಲದ ಮೇಲೆ ಅದು ದಪ್ಪ ಸದ್ದು. ಆಮೇಲೆ ಒಬ್ಬ ಅಧಿಕಾರಿ ಬಂದು ಮನವಿ ತೆಗೆದುಕೊಂಡರು, ನೋಡೋಣ ಎಂದರು, ಹೋದರು.

ಮನೆಗೆ ನಡೆದು ಬರುವಾಗ ಅತ್ತೆ ಕೇಳಿದರು. “ನೀನು ಹೇಳ್ಕೊಟ್ಟಿದ್ದು ಒಂದೂ ಹೇಳ್ಲಿಲ್ಲ ಅಲ್ವಾ? ವಕೀಲರಮ್ಮ ಬೇಜಾರು ಮಾಡ್ಕೊಂಡ್ರಾ?”

“ಇಲ್ಲ ಅತ್ತೆ. ಅವರು ಕಣ್ಣು ಒರೆಸ್ಕೊಳ್ತಿದ್ರು.”

“ಅಷ್ಟು ಕಷ್ಟಪಟ್ಟು ಬರೆದಿದ್ರು, ಪಾಪ,” ಎಂದರು. ಸ್ವಲ್ಪ ದೂರ ಬಂದ ಮೇಲೆ, “ನಾಳೆ ಕೂಗಲ್ಲ ಅವನು” ಎಂದರು. ಯಜಮಾನರು ಸಂಜೆ ಬಂದು, ಏನು ಮಾತಾಡಿದೆ ಎಂದು ಕೇಳಿದರು. ಅತ್ತೆ “ನಲ್ಲಿ ಕೇಳ್ದೆ” ಎಂದರು, ಅಷ್ಟೇ. ಅವತ್ತೂ ನಾವು ಮಲಗುವಾಗ ಅವರು ಬಾಗಿಲ ಹತ್ತಿರ ಕೂತೇ ಇದ್ದರು.

ಮಾರನೇ ಬೆಳಿಗ್ಗೆ ನಾನೂ ಅವರ ಜೊತೆ ಹೊರಟೆ. ಬೇಡ ಅನ್ನಲಿಲ್ಲ. ತುಂತುರು ಬೀಳುತ್ತಿತ್ತು. ಮಳೆಮರದ ಕೆಳಗೆ ಎಲ್ಲರೂ ಆಗಲೇ ಸೇರಿದ್ದರು. ಅತ್ತೆಗೆ ದಾರಿ ಬಿಟ್ಟು ನಡುವೆ ನಿಲ್ಲಿಸಿಕೊಂಡರು. ಮೇಸ್ತ್ರಿ ಕೊಡೆ ಮಡಚಿ, ಬೀದಿದೀಪದಡಿ ನಿಂತು ಎಂದಿನಂತೆ ಶುರು ಮಾಡಿದ.

“ಒಂದನೇ ಕ್ರಾಸ್!”

ಉತ್ತರವಿಲ್ಲ.

“ಎರಡನೇ ಕ್ರಾಸ್!... ಮೂರನೇ ಕ್ರಾಸ್! ಏನ್ರೇ, ಎಲ್ಲಾ ಸತ್ತೋದ್ರಾ?”

“ಇನ್ನೂ ಬೆಳಕಾಗಿಲ್ಲ ಮೇಸ್ತ್ರಿ,” ಎಂದಳು ಕನ್ನಿಯಮ್ಮ. “ಕ್ರಾಸುಗಳು ಮಲಗಿರ್ಬೇಕು. ಹೋಗಿ ಎಬ್ಬಿಸ್ಕೊಂಡು ಬಾ.”

ಇದನ್ನು ಅವರು ಮೊದಲೇ ಮಾತಾಡಿಕೊಂಡಿದ್ದರೋ ಏನೋ, ನನಗಂತೂ ಗೊತ್ತಿರಲಿಲ್ಲ. ಅತ್ತೆಯ ಮುಖ ನೋಡಿದರೆ ಅವರಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ. ಮೇಸ್ತ್ರಿ ಬೈದ. ಬಾಯಿಗೆ ಬಂದದ್ದೆಲ್ಲ ಅಂದ. ಕೊನೆಗೆ ಪುಸ್ತಕ ತೆರೆದು, ಕನ್ನಡಕ ಹಾಕಿಕೊಂಡು, ದೀಪದ ಕಡೆ ಪುಟ ಹಿಡಿದು ಓದಿದ. “ಅಂಜಿನಮ್ಮ.” “ಬಂದಿದೀನಿ.” ಅವನು ತಲೆಯೆತ್ತಿ, ಅಂಜಿನಮ್ಮ ಅಂದರೆ ಇವಳೋ ಎಂದು ನೋಡಿದ. “ಗೌರಮ್ಮ.” “ಬಂದಿದೀನಿ.” “ಕನ್ನಿಯಮ್ಮ. ಯಾರು ಕನ್ನಿಯಮ್ಮ?”

“ನಾನೇ. ಇಷ್ಟು ವರ್ಷ ಬೈದಿದೀಯ, ಗುರ್ತು ಸಿಗ್ಲಿಲ್ವಾ?”

ಹೀಗೆ ಎಲ್ಲ ಹೆಸರೂ ಆಯಿತು. ಒಂದನ್ನು ಬಿಟ್ಟು. ಮೇಸ್ತ್ರಿ ಪುಸ್ತಕ ಮುಚ್ಚಿ ಕಂಕುಳಿಗೆ ಸೇರಿಸಿದ. “ಹೊರಡಿ, ಹೊರಡಿ.”

“ಇನ್ನೊಂದು ಹೆಸರಿದೆ ಮೇಸ್ತ್ರಿ,” ಎಂದಳು ಅಂಜಿನಮ್ಮ. ಅವಳು ಯಾವತ್ತೂ ಬಾಯಿ ತೆರೆದವಳಲ್ಲ.

“ಇಲ್ಲ. ಮುಗೀತು.”

ಹೆಂಗಸರು ಪೊರಕೆಗಳನ್ನು ಮರಕ್ಕೆ ಒರಗಿಸಿ, ಒದ್ದೆ ನೆಲದ ಮೇಲೇ ಕೂತರು. ಅತ್ತೆ ಒಬ್ಬರೇ ನಿಂತಿದ್ದರು. “ಏಳ್ರೇ,” ಎಂದರು. “ನನ್ನಿಂದ ನಿಮ್ಮ ಹಾಜರಿ ಹೋಗೋದು ಬೇಡ. ಎದ್ದು ಹೋಗಿ.” ಯಾರೂ ಏಳಲಿಲ್ಲ. ಕನ್ನಿಯಮ್ಮ ಅವರ ಸೆರಗು ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಬೆಳಕು ಹರಿಯಿತು. ಹಾಲಿನವರು ಬಂದರು, ಪೇಪರ್ ಹಾಕುವವರು ಬಂದರು. ಪೇಪರಿನಲ್ಲಿ ಮೇಲೆತ್ತಿದ ಪೊರಕೆಗಳ ಫೋಟೋ ಇತ್ತು. ರಸ್ತೆಯ ಮೇಲೆ ಎಲೆ ಹಾಗೇ ಅಂಟಿಕೊಂಡಿತ್ತು. ಮನೆಗಳ ಗೇಟು ತೆರೆದು ಜನ ಇಣುಕತೊಡಗಿದರು.

ಮೇಸ್ತ್ರಿ ಟೀ ಅಂಗಡಿಯ ಫೋನಿಗೆ ಹೋದ. ನಮಗೆ ಬೆನ್ನು ಮಾಡಿ ಮಾತಾಡಿದ. ಏನು ಹೇಳಿದನೋ, ಗುತ್ತಿಗೆದಾರ ಏನು ಹೇಳಿದನೋ ಕೇಳಿಸಲಿಲ್ಲ. ಬೆನ್ನು ಮಾತ್ರ ಬಗ್ಗಿ ಬಗ್ಗಿ “ಆಯ್ತು ಸಾರ್, ಆಯ್ತು ಸಾರ್” ಅನ್ನುತ್ತಿತ್ತು. ವಾಪಸ್ಸು ಬಂದು, ಯಾರ ಮುಖವನ್ನೂ ನೋಡದೆ, ಪುಸ್ತಕ ತೆರೆದ.

“ನರಸಮ್ಮ.”

ಅತ್ತೆ ಸುಮ್ಮನಿದ್ದರು. ಕನ್ನಿಯಮ್ಮ ತಿವಿದಳು. ಆಗಲೂ ಸುಮ್ಮನಿದ್ದರು.

“ನರಸಮ್ಮ! ಇದೀಯೋ ಇಲ್ವೋ?”

“ಇದೀನಿ,” ಎಂದರು ಅತ್ತೆ, ಎದ್ದು ನಿಂತು.

ಯಾಕೆ ತಡ ಮಾಡಿದಿರಿ ಎಂದು ಆಮೇಲೆ ಕೇಳಿದೆ. “ಅವನ ಗಂಟಲಲ್ಲಿ ನನ್ನ ಹೆಸರು ಹೆಂಗಿರ್ತದೆ ಅಂತ ಕೇಳಿಸ್ಕೊಳ್ತಿದ್ದೆ,” ಎಂದರು.

ಮೇಸ್ತ್ರಿ ಪುಸ್ತಕದಲ್ಲಿ ಗೀಟು ಹಾಕಿ, “ಏಳನೇ ಕ್ರಾಸ್ ಗೌರಮ್ಮಂಗೆ. ನಿನಗೆ ಮಾರ್ಕೆಟ್ಟಿನ ಹಿಂದಿನ ಗಲ್ಲಿ” ಎಂದ. ಮೀನಿನ ನೀರು, ಕೊಳೆತ ತರಕಾರಿ, ಕೋಳಿಪುಕ್ಕ ಎಲ್ಲ ಬಂದು ಬೀಳುವ ಗಲ್ಲಿ ಅದು. ಹೆಂಗಸರು ಮತ್ತೆ ಗುಜುಗುಜು ಎಂದರು. ಅತ್ತೆ ಕೈ ಅಡ್ಡ ಹಿಡಿದರು. “ಹೆಸರು ಕೂಗಿದ್ದಾನೆ. ಸಾಕು, ನಡೀರಿ.” ಗೌರಮ್ಮನನ್ನು ಕರೆದು, “ಆ ತುದೀಲಿ ಮೋರಿ ಬಾಯಿ ಇದೆ, ಎಲೆ ಕೈಯಲ್ಲೇ ತೆಗೀಬೇಕು. ದಾಸವಾಳದ ಮನೆಯೋರು ಕಾಫಿ ಕೊಡ್ತಾರೆ. ಅವರ ಲೋಟ ಬೇಡ, ನನ್ನ ಹತ್ರ ಲೋಟ ಇದೆ ಅನ್ನು” ಎಂದು ಹೇಳಿ, ಪೊರಕೆ ಹೆಗಲಿಗಿಟ್ಟು ಮಾರ್ಕೆಟ್ಟಿನ ಕಡೆ ನಡೆದರು.

ನಲ್ಲಿ ಬರಲು ಇನ್ನೊಂದು ಮಳೆಗಾಲ ಬೇಕಾಯಿತು. ಇನ್ನೂ ಎಷ್ಟೋ ಸಲ ಹೋಗಿ ಕೂರಬೇಕಾಯಿತು. ಮೊದಲು ನಲ್ಲಿ ಬಂತು, ಆಮೇಲೆ ಶೀಟಿನ ಕೋಣೆ, ಪಕ್ಕದಲ್ಲೊಂದು ಕಕ್ಕಸು. ಅದಕ್ಕೆ ಬಾಗಿಲು ಬಂದದ್ದು ಎಲ್ಲಕ್ಕಿಂತ ಕೊನೆಗೆ. ಬಾಗಿಲು ಬಂದ ಮಾರನೇ ಬೆಳಿಗ್ಗೆ ಅತ್ತೆ ಮನೆ ಬಿಡುವ ಮುಂಚೆ ಹೊಸಿಲ ಮೇಲೆ ಕೂತು ಒಂದು ಲೋಟ ಕಾಫಿ ನಿಧಾನವಾಗಿ ಕುಡಿದರು. ಏಳನೇ ಕ್ರಾಸು ಅವರಿಗೆ ಮತ್ತೆ ಸಿಗಲಿಲ್ಲ. ಸಾಯುವವರೆಗೂ ಆ ಕಡೆ ಹೋದಾಗಲೆಲ್ಲ ಮೋರಿ ಬಾಯಿ ಬಗ್ಗಿ ನೋಡಿ ಬರುತ್ತಿದ್ದರು.

ಇದೆಲ್ಲ ಆಮೇಲಿನ ಮಾತು. ಹೆಸರು ಕೂಗಿದ ಆ ದಿನ ಮಧ್ಯಾಹ್ನ ಅವರು ಮೀನಿನ ವಾಸನೆ ಹೊತ್ತು ಮನೆಗೆ ಬಂದರು. ಚೊಂಬು ನೀರು ಕುಡಿದರು, ತಲೆಗೆ ಸ್ನಾನ ಮಾಡಿದರು, ಗಲ್ಲಿಗೆ ಗಟ್ಟಿ ಪೊರಕೆ ಬೇಕೆಂದು ಹಳೆಯದನ್ನು ಬಿಚ್ಚಿ ಟ್ಯೂಬು ಬಿಗಿದರು. ಸಂಜೆ ನಾನು ಮೊಳಕೆ ಹುರುಳಿಯ ಸಾರು, ಮುದ್ದೆ ಮಾಡಿದೆ. ಯಜಮಾನರು ಬೇಕರಿಯಿಂದ ತೆಂಗಿನಕಾಯಿ ಹೂರಣದ ಬನ್ನು ತಂದಿದ್ದರು. ಎಂದಿನಂತೆ ಮುರಿದದ್ದಲ್ಲ, ಇಡಿಯದು. ಅತ್ತೆ ಎರಡು ಮುದ್ದೆ ಉಂಡು, ಬನ್ನನ್ನು ಆಮೇಲೆ ತಿನ್ನುತ್ತೇನೆಂದು ಪಕ್ಕದಲ್ಲಿಟ್ಟುಕೊಂಡು, ಗೋಡೆಗೆ ಒರಗಿದರು. ನಾನು ತಟ್ಟೆ ತೊಳೆದು ಬರುವಷ್ಟರಲ್ಲಿ ಕನ್ನಿಯಮ್ಮ ಸಾರಿನ ಪಾತ್ರೆ ವಾಪಸ್ಸು ಕೊಡಲು ಬಂದು, ಬಾಗಿಲಲ್ಲಿ ನಿಂತು, “ನರಸಮ್ಮಕ್ಕಾ” ಎಂದು ಕೂಗಿದಳು. ಅಷ್ಟು ವರ್ಷದಲ್ಲಿ ಅವಳು ಹಾಗೆ ಕೂಗಿದ್ದು ಅದೇ ಮೊದಲು. ಒಳಗಿನಿಂದ ಉತ್ತರ ಬರಲಿಲ್ಲ. ದೀಪ ಇನ್ನೂ ಉರಿಯುತ್ತಿತ್ತು, ನಾವೆಲ್ಲ ಎಚ್ಚರವಾಗಿದ್ದೆವು. ಅತ್ತೆ ಗೋಡೆಗೆ ಒರಗಿದಲ್ಲೇ, ಎಲ್ಲರಿಗಿಂತ ಮೊದಲು ನಿದ್ದೆ ಹೋಗಿಬಿಟ್ಟಿದ್ದರು.